ಕಾಂತಾಮಣಕ್ಕನ ಮೂರು ಮೀಟರು

ಕಾಂತಾಮಣಕ್ಕನ ಮನೆ ಜರ್ಮನಿಯ ವೋಲ್ಫ್ಸ್‌ಬುರ್ಗಿನಲ್ಲಿ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇಲ್ಲ. ಐವತ್ತೇಳು ಮೆಟ್ಟಿಲು. ನಲವತ್ತೊಂದು ವರ್ಷ ಅವರು ಅದನ್ನು ಹತ್ತಿ ಇಳಿದರು. ನಾನು ಹತ್ತಿದ್ದು ಒಂದೇ ಸಲ, ಅವರ ಬಟ್ಟೆ ತರುವುದಕ್ಕೆ. ಎಣಿಸಿಕೊಂಡು ಹತ್ತಿದೆ.

ಅವರ ಪರಿಚಯವಾದದ್ದು ಆಸ್ಪತ್ರೆಯಲ್ಲಿ, 2025ರ ಫೆಬ್ರವರಿ ಮೂರು, ಸೋಮವಾರ. ಇಬ್ಬರಿಗೂ ಇನ್‌ಫ್ಲುಯೆಂಜಾ. ನನಗೆ ಎದೆಯಲ್ಲಿ ಕಫ ಕಟ್ಟಿತ್ತು, ಅವರಿಗೆ ನನಗಿಂತ ಹೆಚ್ಚು. ಊರಿನಲ್ಲಿ ಹಾಸಿಗೆ ಖಾಲಿ ಇಲ್ಲವೆಂದು ಅರ್ಧ ಗಂಟೆ ದೂರದ ಚಿಕ್ಕ ಆಸ್ಪತ್ರೆಗೆ ಒಯ್ದಿದ್ದರು. ರೋಗ ಬೇರೆಯವರಿಗೆ ಹರಡಬಾರದೆಂದು ನಮ್ಮಿಬ್ಬರನ್ನು ಒಂದೇ ಕೋಣೆಯಲ್ಲಿ ಬಾಗಿಲು ಮುಚ್ಚಿ ಇಟ್ಟರು. ಒಳಗೆ ಬರುವವರೆಲ್ಲ ಹಳದಿ ಗೌನು, ಮಾಸ್ಕು ಹಾಕಿಕೊಂಡು ಬರುತ್ತಿದ್ದರು. ಅದೇ ಊರಿನಲ್ಲಿ ನಾನು ಜೊತೆಗಿರುವ ನನ್ನ ಮಗಳು ಸ್ಮಿತಾಳನ್ನೂ ಬಿಡುತ್ತಿರಲಿಲ್ಲ. ಅವಳ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದೆ. ಪಕ್ಕದ ಮಂಚದಲ್ಲಿ ಬಿಳಿ ಕೂದಲನ್ನು ಗಿಡ್ಡ ಕತ್ತರಿಸಿಕೊಂಡ ಹೆಂಗಸು ಗೋಡೆ ಕಡೆ ತಿರುಗಿ ಮಲಗಿದ್ದರು. ನರ್ಸುಗಳು ಅವರನ್ನು ಫ್ರಾವ್ ಕ್ರೂಗರ್, ಅಂದರೆ ಶ್ರೀಮತಿ ಕ್ರೂಗರ್ ಎಂದು ಕರೆಯುತ್ತಿದ್ದರು.

"ತುಮಕೂರು ಕಡೆಯೋಳಾ ನೀನು?" ಎಂದು ಗೋಡೆಯನ್ನೇ ನೋಡುತ್ತ ಆ ಹೆಂಗಸು ಕೇಳಿದರು.

ಜ್ವರಕ್ಕೆ ಏನೋ ಕೇಳಿಸುತ್ತಿದೆ ಅಂದುಕೊಂಡೆ. "ಹೂಂ, ಕೊರಟಗೆರೆ. ನೀವು?"

"ಶಿಡ್ಲಘಟ್ಟ. ಫೋನ್ ಇಡಮ್ಮ, ಉಸಿರು ಕಟ್ಟುತ್ತೆ. ಮಗಳೇನು ಓಡಿಹೋಗ್ತಾಳಾ?"

ಹೀಗೆ ಶುರುವಾಯಿತು. ಅವರಿಗೆ ಎಪ್ಪತ್ತೈದು, ನನಗೆ ಎಪ್ಪತ್ತೊಂದು. ನಾನು ಅಕ್ಕ ಅಂದೆ.

ಅಕ್ಕನ ತಾಯಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕೆಲಸದಲ್ಲಿದ್ದರು. ಬಿಸಿನೀರಿನಲ್ಲಿ ಕೈಯಿಟ್ಟು ಇಟ್ಟು ಬೆರಳ ತುದಿಯ ಚರ್ಮ ಸುಲಿದಿರುತ್ತಿತ್ತಂತೆ. ತಂದೆ ಇರಲಿಲ್ಲ. ಕೋಲಾರದ ಮಿಷನ್ ಆಸ್ಪತ್ರೆಯವರು ಹುಡುಗಿಗೆ ನರ್ಸ್ ಕೆಲಸ ಕಲಿಸಿದರು. 1971ರಲ್ಲಿ ಇಪ್ಪತ್ತೈದು ಹುಡುಗಿಯರ ಜೊತೆ ಜರ್ಮನಿಗೆ ಬಂದರು. ಇವರೊಬ್ಬರನ್ನು ಬಿಟ್ಟು ಎಲ್ಲರೂ ಮಲಯಾಳಿಗಳು. "ಮೊದಲು ಮಲಯಾಳ ಕಲಿತೆ, ಆಮೇಲೆ ಜರ್ಮನ್" ಅಂದರು. ಕಾರು ಫ್ಯಾಕ್ಟರಿಯಲ್ಲಿ ಬಣ್ಣ ಹೊಡೆಯುವ ವಿಭಾಗದ ಹೋರ್ಸ್ಟ್ ಕ್ರೂಗರ್ ಎಂಬವರನ್ನು ಮದುವೆಯಾದರು. ಮಕ್ಕಳಾಗಲಿಲ್ಲ. ಗಂಡನಿಗೆ ಲಕ್ವ ಹೊಡೆದು ಎರಡು ವರ್ಷ ಮಲಗಿದ್ದಾಗ ಅದೇ ಮೂರನೇ ಮಹಡಿಯಲ್ಲಿ ಒಬ್ಬರೇ ಎತ್ತಿ ಇಳಿಸಿ ನೋಡಿಕೊಂಡರು. ಅವರು ಹೋಗಿ ಹನ್ನೊಂದು ವರ್ಷ ಆಗಿತ್ತು.

ಕೆಲಸ ಮಾಡಿದ ಕೊನೆಯ ಇಪ್ಪತ್ತೆರಡು ವರ್ಷ ಅಕ್ಕ ವಯಸ್ಸಾದವರ ವಾರ್ಡಿನಲ್ಲಿದ್ದರು. ಜ್ವರವೋ ಮೂಳೆ ಮುರಿತವೋ ಬಂದು ಮಲಗಿದವರು ಗುಣವಾದ ಮೇಲೆ, ಅವರು ಮನೆಗೆ ಹೋಗಬಹುದೋ ಬೇಡವೋ ಎಂದು ನಡೆಸಿ ನೋಡುವುದು ಅಲ್ಲಿನ ಕ್ರಮ. ಅದಕ್ಕೊಂದು ಅಂಕದ ಹಾಳೆ ಇದೆ. ಮಂಚದಿಂದ ಕುರ್ಚಿಗೆ ಏಳುವುದಕ್ಕೆ ಹದಿನೈದು, ನಡೆಯುವುದಕ್ಕೆ ಹದಿನೈದು, ಮೆಟ್ಟಿಲಿಗೆ ಹತ್ತು. ಊಟ, ಸ್ನಾನ ಎಲ್ಲದಕ್ಕೂ ಇದೆ, ಒಟ್ಟು ನೂರು. ಅದಲ್ಲದೆ ಕುರ್ಚಿಯಿಂದ ಎದ್ದು ಮೂರು ಮೀಟರು ನಡೆದು, ತಿರುಗಿ ಬಂದು ಕೂರಬೇಕು. ಇಪ್ಪತ್ತು ಸೆಕೆಂಡಿನೊಳಗೆ ಆದರೆ ಒಬ್ಬರೇ ಇರಬಲ್ಲರು. ಮೂವತ್ತು ದಾಟಿದರೆ ಜೊತೆಗೆ ಆಳು ಬೇಕು. ಆಳಿಲ್ಲದವರು ಫ್ಲೇಗೆಹೈಮಿಗೆ, ಅಂದರೆ ವೃದ್ಧರನ್ನು ನೋಡಿಕೊಳ್ಳುವ ಮನೆಗೆ ಹೋಗಬೇಕು.

"ಎರಡು ಸಾವಿರ ಜನನ್ನ ನಡೆಸಿ ನೋಡಿದೀನಿ ಕಣಮ್ಮ" ಎಂದರು ಅಕ್ಕ. "ಅಳ್ತಾರೆ, ಕಾಲು ಹಿಡಿಯಕ್ಕೆ ಬರ್ತಾರೆ. ನಾನು ಕಂಡಿದ್ದು ಕಂಡಂಗೆ ಬರೆದೆ. ನನಗೂ ಅದೇ ಹಾಳೆ. ಅದು ಹೋಗು ಅಂದ್ರೆ ಹೋಗ್ತೀನಿ, ಬೇಡ ಅಂದ್ರೆ ಇಲ್ಲ."

"ಬೇಡ ಅಂತ ಯಾಕೆ ಅನ್ನುತ್ತೆ ಬಿಡಿ ಅಕ್ಕ."

"ತೊಡೆ ಮುಟ್ಟಿ ನೋಡು" ಅಂದರು. ಮುಟ್ಟಿದೆ. ಮೂಳೆ ಸಿಕ್ಕಿತು. ಎಂಟು ದಿನದ ಜ್ವರ, ಮಲಗಿದ್ದೇ ಮಲಗಿದ್ದು, ಮಾಂಸವೆಲ್ಲ ಕರಗಿಹೋಗಿತ್ತು. ಬಾತ್‌ರೂಮಿಗೆ ತಳ್ಳಿಕೊಂಡು ನಡೆಯುವ ಚಕ್ರದ ಗಾಡಿ ಹಿಡಿದು ಹೋಗಿ ಬಂದರೆ ಕಾಲು ಗಂಟೆ ಕಣ್ಣು ಮುಚ್ಚಿ ಮಲಗಬೇಕಾಗುತ್ತಿತ್ತು.

ಬುಧವಾರ ಹನ್ನೆರಡನೇ ತಾರೀಖು ನಡೆಸಿ ನೋಡುವುದೆಂದು ಗೊತ್ತಾಯಿತು. ಆ ಬೆಳಿಗ್ಗೆ ಅಕ್ಕ ಸ್ನಾನ ಬೇಡವೆಂದರು. ಮಂಚದಲ್ಲೇ ತಿಂದರು. ಬಾತ್‌ರೂಮಿಗೂ ಏಳದೆ ಪಾತ್ರೆ ಕೇಳಿದರು. ಯಾವತ್ತೂ ಕೇಳಿದವರಲ್ಲ.

"ಯಾಕಕ್ಕ, ಹುಷಾರಿಲ್ವಾ?"

"ಸುಮ್ನಿರು. ಇರೋ ಶಕ್ತೀನ ಕೂಡಿಡ್ತಾ ಇದೀನಿ. ಮುದುಕರೆಲ್ಲ ಮಾಡೋ ಕಳ್ಳಾಟ ಇದು. ಆಗ ನಾನು ಕಂಡುಹಿಡಿದು ಬಯ್ತಿದ್ದೆ." ನಕ್ಕರು, ಕೆಮ್ಮು ಬಂತು. "ನಡೆಸಿ ನೋಡೋನು ಬಂದಾಗ ನೀನು ಬಾಯಿ ಬಿಡಬೇಡ. ಅಯ್ಯೋ ಪಾಪ ಅನ್ನಬೇಡ. ಮುಖಾನೂ ಹಂಗೆ ಮಾಡಬೇಡ."

ಹನ್ನೊಂದು ಗಂಟೆಗೆ ವ್ಯಾಯಾಮ ಮಾಡಿಸುವ ಹುಡುಗ ಬಂದ. ಲಿಂಡೆಮನ್ ಎಂದು ಹೆಸರು, ಒಳ್ಳೆಯವನು. ನೆಲದ ಮೇಲೆ ಅಳತೆ ಹಿಡಿದು ನೀಲಿ ಟೇಪು ಅಂಟಿಸಿದ.

"ನೋಡು, ಕುಂಟೆಬಿಲ್ಲೆ ಆಡಿಸ್ತಾನೆ" ಅಂದರು ಅಕ್ಕ.

ಮೊದಲು ನನ್ನದು. ಹದಿನಾಲ್ಕು ಸೆಕೆಂಡು. ಮಗಳ ಮನೆ ಕೆಳಗಿನ ಅಂತಸ್ತಿನಲ್ಲಿದೆ, ನೋಡಿಕೊಳ್ಳುವವರಿದ್ದಾರೆ ಎಂದು ಬರೆದುಕೊಂಡ. ನಾಳೆ ಮನೆಗೆ ಎಂದ. ಆಮೇಲೆ ನನ್ನನ್ನು ಕಿಟಕಿ ಹತ್ತಿರದ ಕುರ್ಚಿಯಲ್ಲಿ ಕೂರಿಸಿದ. ಟೇಪು ನನ್ನ ಕಾಲಿಂದ ಒಂದು ಮೊಳ ದೂರದಲ್ಲಿತ್ತು.

ಅಕ್ಕ ಕೈ ಊರದೆ ಎದ್ದರು. ನಾನು ಮನಸ್ಸಿನಲ್ಲೇ ಎಣಿಸಿದೆ. ನನಗೆ ಓದು ನಾಲ್ಕನೇ ಕ್ಲಾಸು, ಎಣಿಕೆ ಮಾತ್ರ ತಪ್ಪುವುದಿಲ್ಲ. ನೆಟ್ಟಗೆ ನಡೆದರು, ಕತ್ತು ಎತ್ತಿ, ರೌಂಡಿಗೆ ಬಂದ ದೊಡ್ಡ ನರ್ಸಿನ ಹಾಗೆ. ಟೇಪಿನ ಹತ್ತಿರ ಬಂದಾಗ ಒಂಬತ್ತು. ತಿರುಗಿದರು. ತಿರುಗುವಾಗ ಎಡ ಮಂಡಿ ಬಗ್ಗಿತು, ಮೈ ನನ್ನ ಕಡೆ ವಾಲಿತು.

ನನ್ನ ಕೈ ಹೋಯಿತು. ಮೊಣಕೈ ಹಿಡಿದೆ. ಹಿಡಿದ ಮೇಲೆಯೇ ಹಿಡಿದೆ ಎಂದು ಗೊತ್ತಾದದ್ದು.

ಹುಡುಗ ಗಡಿಯಾರ ನಿಲ್ಲಿಸಿದ. ಹನ್ನೊಂದು ಸೆಕೆಂಡು.

"ಬಿಡೇ" ಅಂದರು ಅಕ್ಕ. ಬಿಟ್ಟೆ. ಅವರು ನಿಂತೇ ಇದ್ದರು.

ಹುಡುಗ ಏನೂ ಬಯ್ಯಲಿಲ್ಲ. ಇನ್ನೊಬ್ಬರು ಹಿಡಿದರೆ ಲೆಕ್ಕಕ್ಕಿಲ್ಲ, ಸುಧಾರಿಸಿಕೊಂಡು ಮತ್ತೆ ಮಾಡೋಣ ಎಂದ. ಹತ್ತು ನಿಮಿಷ ಕಾದ. ಆದರೆ ಅಕ್ಕ ಕೂಡಿಟ್ಟಿದ್ದು ಒಂದು ಸಲಕ್ಕೆ ಮಾತ್ರ. ಎರಡನೇ ಸಲ ಏಳಲು ಎರಡು ಕೈಯೂ ಊರಿದರು. ಟೇಪಿನ ಹತ್ತಿರ ನಿಂತು ಉಸಿರು ತೆಗೆದುಕೊಂಡರು. ನಾನು ನನ್ನ ಕುರ್ಚಿಯ ಹಿಡಿ ಬಿಗಿಹಿಡಿದು ಕೂತಿದ್ದೆ. ಮೂವತ್ತಾರು ಸೆಕೆಂಡು. ಮೆಟ್ಟಿಲಿಗೆ ಕರೆದೊಯ್ಯಲೇ ಇಲ್ಲ.

ಮಧ್ಯಾಹ್ನ ಆಸ್ಪತ್ರೆಯಿಂದ ಹೋಗುವವರ ಏರ್ಪಾಡು ನೋಡುವ ಹೆಂಗಸು ಬಂದರು. ಅವರು ಹೇಳಿದ್ದನ್ನು ಅಕ್ಕನೇ ನನಗೆ ಹೇಳಿದರು. ಯಾರೂ ತಡೆಯುವುದಿಲ್ಲ, ನನ್ನ ಹೊಣೆ ನನ್ನದೇ ಎಂದು ಸಹಿ ಹಾಕಿ ಮನೆಗೆ ಹೋಗಬಹುದು. ಇಲ್ಲವಾದರೆ ಅಂಥ ಒಂದು ವೃದ್ಧರ ಹೈಮಿನಲ್ಲಿ ನಾಲ್ಕು ವಾರಕ್ಕೆ ಜಾಗವಿದೆ, ಶಕ್ತಿ ಬಂದ ಮೇಲೆ ಮತ್ತೆ ನಡೆಸಿ ನೋಡುತ್ತಾರೆ.

"ಸಹಿ ಹಾಕಿಬಿಡಿ ಅಕ್ಕ" ಅಂದೆ. "ನಾನೂ ಸ್ಮಿತಾನೂ ದಿನಾ ಬರ್ತೀವಿ."

"ನೀನು ಬರ್ತೀಯಾ? ಐವತ್ತೇಳು ಮೆಟ್ಟಿಲು ಹತ್ತಿ ನೀನೇ ಬಿದ್ದಿರ್ತೀಯ. ಸಹಿ ಹಾಕಿ ಹೋದೋರು ಆಂಬುಲೆನ್ಸಲ್ಲಿ ವಾಪಸ್ ಬರೋದನ್ನ ನೋಡಿದೀನಿ. ಹಾಕಲ್ಲ."

ಮರುದಿನ ಸ್ಮಿತಾ ನನ್ನನ್ನು ಕರೆದೊಯ್ಯಲು ಬರುವ ಮೊದಲು ಅಕ್ಕ ಕೇಳಿದರು. ಅಲ್ಲಿಯತನಕ ನಾನು ಹಿಡಿದದ್ದರ ಮಾತೇ ಎತ್ತಿರಲಿಲ್ಲ.

"ವಿಜಯಮ್ಮ, ನಾನು ಬೀಳ್ತಿದ್ನಾ?"

"ಗೊತ್ತಿಲ್ಲ ಅಕ್ಕ. ಎಡ ಮಂಡಿ ಬಗ್ಗಿದ್ದು ಕಂಡೆ."

"ಅದು ನಂಗೂ ಗೊತ್ತು. ಬಗ್ಗಿದ ಮಂಡಿ ನೆಟ್ಟಗೂ ಆಗುತ್ತೆ."

"ಆಗ್ತಿತ್ತೇನೋ."

"ಏನೋ ಅಂತ ಹಾಳೇಲಿ ಬರೆಯಕ್ಕಾಗಲ್ಲ ಕಣಮ್ಮ." ಮಂಡಿ ಮೇಲೆ ಹೊದಿಕೆ ಎಳೆದುಕೊಂಡರು. "ಇಲ್ಲಿ ಯಾರೂ ಹಂಗೆ ಹಿಡಿಯಲ್ಲ. ಹಿಡಿಯಲಾ ಅಂತ ಕೇಳ್ತಾರೆ, ಹೂಂ ಅಂದ ಮೇಲೆ ಹಿಡೀತಾರೆ. ನಿನಗೆ ಬಾಯಿ ಮುಚ್ಚು ಅಂದೆ, ಕೈ ಕಟ್ಟು ಅನ್ನೋದು ಮರೆತೆ. ನಮ್ಮೋರ ಕೈ ಹೆಂಗೆ ಅಂತ ನಂಗೇ ನೆನಪಿರಲಿಲ್ಲ."

ಅವರಿಗೆ ಸಿಟ್ಟಿತ್ತೇ ಎಂದು ನನಗೆ ಇವತ್ತಿಗೂ ತಿಳಿಯದು. ಆ ಒಂದು ಸಲ ದಾಟಿದ್ದರೆ ಕಳ್ಳಾಟದಿಂದ ದಾಟಿದಂತೆ ಆಗುತ್ತಿತ್ತು, ಮನೆಗೆ ಹೋಗಿ ಮೂರನೇ ದಿನ ಬೀಳುತ್ತಿದ್ದರೋ ಏನೋ. ಬೀಳದೆಯೂ ಇರಬಹುದಿತ್ತು. ಎಷ್ಟೋ ಜನ ಮನೆಗೆ ಹೋದ ಮೇಲೆಯೇ ಗಟ್ಟಿಯಾಗುತ್ತಾರೆ, ಅದನ್ನೂ ಅಕ್ಕನೇ ಹೇಳಿದ್ದರು.

ಶುಕ್ರವಾರ ಅವರನ್ನು ಹೈಮಿಗೆ ಸೇರಿಸಿದರು. ಬೀಗದ ಕೈ ಕೊಟ್ಟು ಬಟ್ಟೆ ತರಿಸಿಕೊಂಡರು. ಮೊದಲ ವಾರ ಚೆನ್ನಾಗಿ ನಡೆದರು. ಕಾರಿಡಾರಿನ ತುದಿವರೆಗೆ ಗಾಡಿಯಿಲ್ಲದೆ ಹೋಗಿ ಬಂದೆ ಎಂದು ಫೋನಿನಲ್ಲಿ ಹೇಳಿದರು. ಎರಡನೇ ವಾರ ಆ ಮನೆಯಲ್ಲಿ ವಾಂತಿ ಭೇದಿಯ ವೈರಸ್ ಹರಡಿತು. ಒಂಬತ್ತು ದಿನ ಮತ್ತೆ ಬಾಗಿಲು ಮುಚ್ಚಿದ ಕೋಣೆ, ಮತ್ತೆ ಹಾಸಿಗೆ. ನಾನು ರಾಗಿ ಗಂಜಿ ಮಾಡಿಕೊಂಡು ಹೋದರೆ ಬಾಗಿಲಲ್ಲೇ ಇಸಿದುಕೊಂಡರು. ಒಳಗೆ ಬಿಡಲಿಲ್ಲ. ಅವರು ಕುಡಿದರೋ ಇಲ್ಲವೋ ಗೊತ್ತಾಗಲಿಲ್ಲ.

ಮಾರ್ಚ್ ಹದಿಮೂರಕ್ಕೆ ಮತ್ತೆ ನಡೆಸಿ ನೋಡಿದರು. ಅಕ್ಕ ಹೇಳಿದ್ದರಿಂದ ನಾನೂ ಸ್ಮಿತಾಳೂ ಹೋಗಿದ್ದೆವು. ನಾನು ಬಾಗಿಲ ಹತ್ತಿರ ದೂರದಲ್ಲೇ ನಿಂತೆ. ಅಕ್ಕ ಕುರ್ಚಿಯ ಎರಡೂ ಹಿಡಿ ಹಿಡಿದರು. ಸೊಂಟ ಕುರ್ಚಿಯಿಂದ ನಾಲ್ಕು ಬೆರಳು ಎದ್ದಿತು, ಮತ್ತೆ ಕೂತಿತು. ಮೂರು ಸಲ ಹಾಗೇ ಆಯಿತು. ಅಲ್ಲಿನ ಹುಡುಗಿ ಹಿಡಿದೆತ್ತಿ ಮಂಚಕ್ಕೆ ಕೂರಿಸಿ, ಹಾಳೆಗೆ ಅಂಕ ತುಂಬಿಸಿದಳು.

ಅಕ್ಕ ಹಾಳೆಗೆ ಕೈ ಚಾಚಿದರು. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು. ಮೆಟ್ಟಿಲಿಗೆ ಐದು ಎಂದಿತ್ತು, ಸಹಾಯ ಇದ್ದರೆ ಹತ್ತಬಲ್ಲರು ಎಂದು. ಒಟ್ಟು ನಲವತ್ತೈದು.

ಜರ್ಮನ್‌ನಲ್ಲಿ ಏನೋ ಕೇಳಿದರು. ಹುಡುಗಿಯ ಮುಖ ಕೆಂಪಾಯಿತು. ಸ್ಮಿತಾ ನನ್ನ ಕಿವಿಯಲ್ಲಿ, "ನಾನು ಮೆಟ್ಟಿಲು ಹತ್ತಿದ್ದನ್ನ ನೋಡಿದ್ದೀಯಾ ಅಂತ ಕೇಳ್ತಿದಾರೆ ಅಮ್ಮ" ಎಂದಳು.

ಅಕ್ಕ ಅವಳ ಪೆನ್ನು ತೆಗೆದುಕೊಂಡು ಐದನ್ನು ಹೊಡೆದುಹಾಕಿ ಸೊನ್ನೆ ಬರೆದರು. ಕೆಳಗೆ ನಲವತ್ತೈದನ್ನು ನಲವತ್ತು ಮಾಡಿದರು.

"ಸ್ಮಿತಾ, ಮನೆ ಓನರ್‌ಗೆ ಒಂದು ಕಾಗದ ಬರೆದುಕೊಡಮ್ಮ. ಖಾಲಿ ಮಾಡ್ತೀನಿ ಅಂತ. ಮೂರು ತಿಂಗಳ ನೋಟಿಸ್."

"ಅವಸರ ಏನಕ್ಕ?" ಅಂದೆ. "ಇನ್ನೊಂದು ತಿಂಗಳು ನೋಡಿ. ಬೇಸಿಗೆ ಬರಲಿ."

"ಈ ಅಂಕ ಬಂದೋರನ್ನ ನಾನು ಮೂರನೇ ಮಹಡಿಗೆ ಕಳಿಸಿಲ್ಲ ವಿಜಯಮ್ಮ. ಅಳ್ತಿದ್ರೂ ಕಳಿಸಿಲ್ಲ. ನನಗೊಂದು ನ್ಯಾಯ ಮಾಡ್ಕೊಳ್ಳಲಾ?"

ಸ್ಮಿತಾ ಅಲ್ಲೇ ಕೂತು ಬರೆದಳು. ಅಕ್ಕ ಎರಡು ಸಲ ಓದಿ, ತಾರೀಖು ತಪ್ಪಾಗಿದ್ದನ್ನು ತಿದ್ದಿಸಿ, ಸಹಿ ಹಾಕಿದರು.

ಜೂನ್ ಮೂವತ್ತಕ್ಕೆ ಸ್ಮಿತಾ ಮನೆ ಖಾಲಿ ಮಾಡಿಸಿ ಬೀಗದ ಕೈ ಒಪ್ಪಿಸಿದಳು. ಆಗಸ್ಟ್ ಹತ್ತೊಂಬತ್ತು, ಮಂಗಳವಾರ ಬೆಳಿಗ್ಗೆ ಕಾಂತಾಮಣಕ್ಕ ಹೈಮಿನಲ್ಲೇ ತೀರಿಕೊಂಡರು.