ಹೊಸ ಸ್ಟೇಡಿಯಮ್ಮಿಗೆ ಇಪ್ಪತ್ತೇಳು ಕಿಲೋಮೀಟರು

ಬ್ಯಾಸ್ಕೆಟ್‌ಬಾಲ್ ಲೀಗಿನ ಕಚೇರಿಯಲ್ಲಿ ಅವನನ್ನು ಎಲ್ಲರೂ ಮೈಲಿಗಲ್ಲು ಎಂದೇ ಕರೆಯುತ್ತಿದ್ದರು. ಕಲ್ಲಿನಂತೆ ಒಂದೆಡೆ ನಿಲ್ಲುವ ಜಾಯಮಾನವೇನೂ ಅವನದಲ್ಲ. ಕುರ್ಚಿಯಲ್ಲಿ ಕೂತರೂ ಮೊಣಕಾಲು ಹೊಲಿಗೆ ಯಂತ್ರದಂತೆ ಕುಣಿಯುತ್ತಲೇ ಇರುತ್ತಿತ್ತು. ಆದರೆ ಯಾವ ಊರಿಂದ ಯಾವ ಊರಿಗೆ ಎಷ್ಟು ದೂರ ಎಂದು ನೀವು ಕೇಳಿ ಮುಗಿಸುವ ಮೊದಲೇ ಉತ್ತರ ಬಂದಿರುತ್ತಿತ್ತು. ತಂಡಗಳ ಪ್ರಯಾಣ ನೋಡಿಕೊಳ್ಳುವುದು ಅವನ ಕೆಲಸ: ಬಸ್ಸು, ರೈಲು, ಹೋಟೆಲ್ಲು, ಏಳಡಿ ಆಟಗಾರ ಕಾಲು ಚಾಚಿದರೂ ಹೊರಗೆ ಇಣುಕದಷ್ಟು ಉದ್ದದ ಮಂಚ. ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿ, ಅದೇ ಮೇಜು.

ಅವನಿಗೊಂದು ಹಠವಿತ್ತು. ತನ್ನ ಕಾರಿನ ಚಕ್ರ ಉರುಳದ ದಾರಿಯ ದೂರವನ್ನು ಪಟ್ಟಿಗೆ ಏರಿಸುತ್ತಿರಲಿಲ್ಲ. ನಕ್ಷೆ ಹೇಳಿದ್ದನ್ನು, ಫೋನು ಹೇಳಿದ್ದನ್ನು ನಂಬುವುದೆಂದರೆ ತಕ್ಕಡಿಯಿಲ್ಲದ ಅಂಗಡಿಯಲ್ಲಿ ಸಾಮಾನು ಕೊಂಡಂತೆ ಎನ್ನುತ್ತಿದ್ದ. ಯಾವ ಊರಲ್ಲಾದರೂ ಸ್ಟೇಡಿಯಂ ಜಾಗ ಬದಲಾಯಿಸಿತೆಂದರೆ ಮುಂದಿನ ಭಾನುವಾರವೇ ಅಲ್ಲಿಗೆ ಹೊರಡುತ್ತಿದ್ದ. ಗೇಟಿನೆದುರು ನಿಂತು ಮೀಟರು ಓದಿಕೊಂಡು ಬರುತ್ತಿದ್ದ. ಅರ್ಧ ಕಿಲೋಮೀಟರಿಗಿಂತ ಹೆಚ್ಚಿದ್ದರೆ ಮೇಲಿನ ಸಂಖ್ಯೆ, ಕಡಿಮೆಯಿದ್ದರೆ ಕೆಳಗಿನದು; ಪಟ್ಟಿಯಲ್ಲಿ ದಶಮಾಂಶದ ಚುಕ್ಕಿ ಗಿಕ್ಕಿ ಇಲ್ಲ. ಅವನ ಈ ನಿಷ್ಠೆಯನ್ನು ಮೆಚ್ಚಿದವರು ಯಾರೂ ಇಲ್ಲ, ಏಕೆಂದರೆ ಆ ಪಟ್ಟಿಯನ್ನು ಓದಿದವರೇ ಯಾರೂ ಇಲ್ಲ.

ಆ ವರ್ಷ ಓದುವವರು ಹುಟ್ಟಿಕೊಂಡರು.

ಲೀಗಿನಲ್ಲಿ ಇದ್ದದ್ದು ಹದಿನಾರು ತಂಡ, ಎಂಟು ಪೂರ್ವ ಬಣದಲ್ಲಿ, ಎಂಟು ಪಶ್ಚಿಮ ಬಣದಲ್ಲಿ. ಹೊಸದಾಗಿ ಎರಡು ತಂಡ ಸೇರಿದವು, ಎರಡೂ ಪಶ್ಚಿಮದ ಊರುಗಳವೇ. ಒಂದು ಕಡೆ ಎಂಟು, ಇನ್ನೊಂದು ಕಡೆ ಹತ್ತು. ಒಂಬತ್ತು ಒಂಬತ್ತು ಆಗಬೇಕಾದರೆ ಪಶ್ಚಿಮದ ಒಂದು ತಂಡ ಗಂಟುಮೂಟೆ ಕಟ್ಟಬೇಕು. ಬಣದೊಳಗಿನ ಡಿವಿಷನ್ನುಗಳನ್ನು ಮೂರು ಮೂರು ತಂಡಗಳಂತೆ ಹೊಸದಾಗಿ ಹೊಂದಿಸಬೇಕು. ಹೋಗುವುದು ಯಾರಿಗೂ ಬೇಡ. ಒಂದೇ ಡಿವಿಷನ್ನಿನವರು ವರ್ಷಕ್ಕೆ ನಾಲ್ಕು ಸಲ ಎದುರಾಗುತ್ತಾರೆ, ಎರಡು ಸಲ ಇಲ್ಲಿ, ಎರಡು ಸಲ ಅಲ್ಲಿ. ಬಣ ಬೇರೆಯಾದರೆ ಇಲ್ಲೊಂದು, ಅಲ್ಲೊಂದು, ಅಷ್ಟೇ. ಹಳೆಯ ಎದುರಾಳಿ ಬಂದರೇ ಸ್ಟೇಡಿಯಂ ತುಂಬುವುದು. ದ್ವೇಷಕ್ಕಿರುವಷ್ಟು ಗಿರಾಕಿ ಸ್ನೇಹಕ್ಕಿಲ್ಲ.

ಮಾಲೀಕರು ಮೂರು ತಿಂಗಳು ಕಿತ್ತಾಡಿದ ಮೇಲೆ ಲೀಗಿನ ಕಾರ್ಯದರ್ಶಿಗಳು ಒಂದು ದಾರಿ ಹುಡುಕಿದರು. ಪಶ್ಚಿಮದ ಯಾವ ತಂಡದಿಂದ ಪೂರ್ವದ ಎಂಟು ಊರುಗಳಿಗೆ ಒಟ್ಟು ದೂರ ಕಡಿಮೆಯೋ ಅದು ಹೋಗಲಿ. ದೂರ ಯಾರ ನೆಂಟನೂ ಅಲ್ಲ. ಮೈಲಿಗಲ್ಲು ಪಟ್ಟಿ ತೆಗೆದು ಕೂಡಿಸಿದ. ಸುಣ್ಣದ ಗೂಡುಗಳ ಊರಿನ ತಂಡಕ್ಕೆ ಐದು ಸಾವಿರದ ಮುನ್ನೂರ ಎಂಬತ್ತೆಂಟು ಕಿಲೋಮೀಟರು. ಅದರ ನಂತರ ಕೊಕ್ಕರೆ ತಂಡ: ಐದು ಸಾವಿರದ ಆರುನೂರು. ಅಂದರೆ ಸುಣ್ಣದೂರು ಹೋಗುತ್ತದೆ, ಕೊಕ್ಕರೆ ಉಳಿಯುತ್ತದೆ. ಕೊಕ್ಕರೆ ಅವನ ಹುಟ್ಟೂರಿನ ತಂಡ. ಅವನಿಗೆ ಒಳಗೊಳಗೇ ಹಿಗ್ಗು. ಮುಂದಿನ ಬುಧವಾರದ ಸಭೆಯಲ್ಲಿ ಓದಿ ಹೇಳುವುದಷ್ಟೇ ಬಾಕಿ ಎಂದು ಗುರುವಾರ ಸಂಜೆಯೇ ಅಕ್ಕನಿಗೆ ಫೋನು ಮಾಡಿದ.

ಅಕ್ಕನದು ಹುಟ್ಟೂರಿನಲ್ಲಿ ಕನ್ನಡಕದ ಅಂಗಡಿ. ಮದುವೆಯಾಗಿರಲಿಲ್ಲ, ಅಂಗಡಿ ಮತ್ತು ಕೊಕ್ಕರೆ ತಂಡ, ಎರಡೇ ಅವಳ ಸಂಸಾರ. ರೆಫರಿ ತಪ್ಪು ತೀರ್ಪು ಕೊಟ್ಟರೆ ಎದ್ದು ನಿಂತು, "ನಾಳೆ ಅಂಗಡಿಗೆ ಬಾರಪ್ಪ, ಪುಕ್ಕಟೆ ಪರೀಕ್ಷೆ ಮಾಡ್ತೀನಿ!" ಎಂದು ಕೂಗುವವಳು. ಇಬ್ಬರು ರೆಫರಿಗಳು ನಿಜಕ್ಕೂ ಬಂದು ಕನ್ನಡಕ ಹಾಕಿಸಿಕೊಂಡು ಹೋಗಿದ್ದರಂತೆ.

"ಉಳ್ಕೊಂಡ್ವಿ ಅನ್ನು!" ಅಕ್ಕ ಫೋನಿನಲ್ಲಿ ಕಿರುಚಿದಳು. "ಗಿರಣಿಯವರ ಜೊತೆ ನಾಲ್ಕು ಮ್ಯಾಚೂ ಇರತ್ತೆ?"

"ನಾಲ್ಕೂ ಇರತ್ತೆ."

"ಮೇಷ್ಟ್ರ ಮುಖ ನೋಡ್ಬೇಕು. ಈ ಸಲ ನೀವು ಗಂಟು ಕಟ್ಟೋದೇ, ಪೀಡೆ ತೊಲಗತ್ತೆ ಅಂತಿದ್ರು."

ಮೇಷ್ಟ್ರೆಂದರೆ ಕೊಕ್ಕರೆಯ ಹಳೆಯ ಎದುರಾಳಿ ಗಿರಣಿ ಊರಿನ ಗಣಿತದ ಮೇಷ್ಟ್ರು. ಎರಡೂ ತಂಡದವರು ಬೆರೆತು ಕೂರುವ ಮೂಲೆಯ ಸಾಲಿನಲ್ಲಿ ಹತ್ತೊಂಬತ್ತು ವರ್ಷದ ಹಿಂದೆ ಇಬ್ಬರಿಗೂ ಅಕ್ಕಪಕ್ಕದ ಕುರ್ಚಿ ಬಿದ್ದಿತ್ತು. ಅಂದು ಶುರುವಾದ ಜಗಳ ಇನ್ನೂ ಮುಗಿದಿರಲಿಲ್ಲ. ವರ್ಷಕ್ಕೆರಡು ಸಲ ಅವರು ಬರುತ್ತಿದ್ದರು, ಎರಡು ಸಲ ಇವಳು ಹೋಗುತ್ತಿದ್ದಳು. ಪಕ್ಕದ ಕುರ್ಚಿಯ ಮೇಲೆ ಮೊದಲು ಬಂದವರ ಚೀಲ. ಅಕ್ಕನ ಮಾತಿನಲ್ಲಿ ಮೇಷ್ಟ್ರು ಬರುತ್ತಿದ್ದದ್ದು ಬೈಗುಳದ ಜೊತೆಗೇ. ಆದರೆ ಮೇಷ್ಟ್ರಿಲ್ಲದೆ ಅವಳ ಮಾತು ಮುಗಿದದ್ದಿಲ್ಲ ಎಂಬುದನ್ನು ಮೈಲಿಗಲ್ಲು ಎಂದೋ ಗಮನಿಸಿದ್ದ, ಬಾಯಿ ಬಿಟ್ಟಿರಲಿಲ್ಲ.

"ಆದ್ರೂ ನಮ್ಮ ಹೊಸ ಸ್ಟೇಡಿಯಮ್ಮಿಗೆ ಹೋಗಿ ಬರೋದ್ರಲ್ಲಿ ಸೊಂಟ ಬಿದ್ದೋಗತ್ತೆ ಕಣೋ," ಅಕ್ಕ ಮುಂದುವರಿಸಿದಳು. "ಹೊಳೆ ದಾಟಿ, ಹೆದ್ದಾರಿ ಹಿಡ್ದು, ಎರಡು ಬಸ್ಸು. ಇನ್ನೊಂಚೂರು ಮುಂದೆ ಕಟ್ಟಿದ್ರೆ ಪೂರ್ವ ಬಣದಲ್ಲೇ ಕಟ್ಟಿದ ಹಾಗಾಗ್ತಿತ್ತು."

ಮೈಲಿಗಲ್ಲಿನ ಮೊಣಕಾಲು ಗಕ್ಕನೆ ನಿಂತಿತು.

ಫೋನಿಟ್ಟು ಪಟ್ಟಿ ಬಿಚ್ಚಿದ. ಕೊಕ್ಕರೆ ಸಾಲಿನ ಎಂಟೂ ಸಂಖ್ಯೆಗಳು ಪೇಟೆಯ ನಡುವಿನ ಹಳೆಯ ಸ್ಟೇಡಿಯಂನಿಂದ ಅಳೆದವು. ತಂಡ ಊರಾಚೆಗೆ ಹೋಗಿ ಆರು ವರ್ಷ. ವಿಳಾಸವನ್ನು ಅವನೇ ಬದಲಿಸಿದ್ದ, ಬಸ್ಸಿನವರಿಗೆ ಹೊಸ ಗೇಟು ಹೇಳಿಕಳಿಸಿದ್ದ. ಹದಿನೈದು ಊರುಗಳ ದೂರವನ್ನು ನಾಲಗೆಯ ಮೇಲಿಟ್ಟುಕೊಂಡವನು ಹದಿನಾರನೆಯದನ್ನು ಮಾತ್ರ ಮುಟ್ಟಿರಲಿಲ್ಲ. ಮನೆಗೆ ಎಷ್ಟು ಮೆಟ್ಟಿಲೆಂದು ಯಾರು ಎಣಿಸುತ್ತಾರೆ? ತನ್ನೂರು ತಾನೇ, ಗೊತ್ತಿರುವುದೇ ತಾನೇ ಎಂದು ಬಿಟ್ಟಿದ್ದ.

ಪೂರ್ವಕ್ಕೆ ಹೋಗುವ ದಾರಿ ಹೊಸ ಸ್ಟೇಡಿಯಂನ ಮುಂದೆಯೇ ಹಾಯುತ್ತದೆ. ಹಳೆಯದರಿಂದ ಅಲ್ಲಿಗೆ ಎಷ್ಟು ಕಿಲೋಮೀಟರೋ ಅಷ್ಟು ಎಂಟೂ ಸಂಖ್ಯೆಗಳಿಂದ ಕಳೆಯಬೇಕು. ಇಪ್ಪತ್ತಾರು ಕಳೆದರೆ ಸುಣ್ಣದೂರೇ ಹೋಗುತ್ತದೆ. ಇಪ್ಪತ್ತೇಳು ಕಳೆದರೆ ಕೊಕ್ಕರೆಯ ಮೊತ್ತ ಸುಣ್ಣದೂರಿನದಕ್ಕಿಂತ ನಾಲ್ಕು ಕಿಲೋಮೀಟರು ಕೆಳಗಿಳಿದು, ಕೊಕ್ಕರೆ ಹೋಗುತ್ತದೆ.

ಶುಕ್ರವಾರ, ಶನಿವಾರ ಮೈಮೇಲೆ ಇರುವೆ ಬಿಟ್ಟಂತೆ ಕಳೆದವು. "ಮೇಜಿನ ಸುತ್ತ ಸುತ್ತೋದು ನಿಲ್ಸ್ತೀರಾ? ನನಗೆ ತಲೆ ತಿರುಗ್ತಿದೆ," ಎಂದಳು ಹೆಂಡತಿ. "ಎಲ್ಲಿಗೆ ಹೋಗ್ಬೇಕೋ ಹೋಗಿ ಬನ್ನಿ. ಮೇಜನ್ನಂತೂ ಅಳೆದಾಯ್ತು."

ಭಾನುವಾರ ಬೆಳಗ್ಗೆ ಹಳೆಯ ಸ್ಟೇಡಿಯಂನ ಗೇಟಿನ ಮುಂದೆ ಕಾರು ನಿಲ್ಲಿಸಿ ಮೀಟರನ್ನು ಸೊನ್ನೆಗೆ ತಂದ. ಒಳಗೆ ಈಗ ಕಾರು ನಿಲ್ಲಿಸುವ ಜಾಗ. ಆಟದಂಗಳವಿದ್ದಲ್ಲಿ ಬಿಳಿ ಗೆರೆ ಎಳೆದಿದ್ದರು. ಹೊಳೆ ದಾಟಿ ಹೆದ್ದಾರಿ ಹಿಡಿದು ಹೊಸ ಗೇಟು ಮುಟ್ಟಿದ. ಇಪ್ಪತ್ತಾರು ಪಾಯಿಂಟ್ ಏಳು. ತಿರುಗಿ ಹೋಗಿ, ತಿರುವುಗಳಲ್ಲಿ ಒಳಮಗ್ಗುಲಿಗೆ ಒತ್ತಿಕೊಂಡು ಮತ್ತೆ ಬಂದ. ಇಪ್ಪತ್ತಾರು ಪಾಯಿಂಟ್ ಏಳು. ಮೂರನೆಯ ಸಲ ಹಳೆಯ ಗೇಟನ್ನು ಬಿಟ್ಟು ಹಿಂಬಾಗಿಲಿನಿಂದ ಹೊರಟ, ಪಾಯಿಂಟ್ ಆರಾಯಿತು. ಪಟ್ಟಿಗೆ ಅದೂ ಇಪ್ಪತ್ತೇಳೇ. ನಾಲ್ಕನೆಯ ಸಲ ಹೋಗಲು ಅವನಿಗೇ ನಾಚಿಕೆಯಾಯಿತು. ತಕ್ಕಡಿಯ ಕೆಳಗೆ ಬೆರಳು ಕೊಡುವವರನ್ನು ಜನ್ಮವಿಡೀ ಆಡಿಕೊಂಡವನು ತನ್ನದೇ ಬೆರಳನ್ನು ನೋಡುತ್ತ ಕೂತಿದ್ದ.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದ. ಅಂಗಡಿಯ ಹಿಂದೆಯೇ ಮನೆ. ಅಕ್ಕ ಊಟದ ಮೇಜಿನ ಮೇಲೆ ಸಣ್ಣ ಸ್ಕ್ರೂಗಳನ್ನು ಹರವಿಕೊಂಡು ಯಾರದೋ ಕನ್ನಡಕದ ಕಡ್ಡಿ ಸರಿ ಮಾಡುತ್ತಿದ್ದಳು.

"ಏನೋ ಇದು, ಹೇಳದೆ ಕೇಳದೆ? ನಿಂತೇ ಇದ್ದೀಯಲ್ಲ, ಕೂತ್ಕೋ. ಸ್ಕ್ರೂ ಮೇಲೆ ಕೂತ್ಕೋಬೇಡ."

ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ: ಹಳೆಯ ಸಾಲು, ಇಪ್ಪತ್ತಾರು ಪಾಯಿಂಟ್ ಏಳು, ನಾಲ್ಕು ಕಿಲೋಮೀಟರು. ಅಕ್ಕ ಸ್ಕ್ರೂ ತಿರುಗಿಸುತ್ತಲೇ ಕೇಳಿದಳು. ಕೊನೆಗೆ ಕಡ್ಡಿಯನ್ನು ಕೆಳಗಿಟ್ಟಳು.

"ಒಂದ್ನಿಮಿಷ ಇರು. ನೀನು ಓಡಿಸದೇ ಇರೋ ದಾರೀನ ಬರ್ಕೊಳ್ಳಲ್ಲ, ಅಲ್ವಾ?"

"ಇಲ್ಲ."

"ಬೇರೆ ಊರಲ್ಲಿ ಸ್ಟೇಡಿಯಂ ಬದಲಾದ್ರೆ ಮುಂದಿನ ಭಾನುವಾರ ಅಲ್ಲಿರ್ತೀಯ."

"ಹೂಂ."

"ನಮ್ಮದು ಬದಲಾಗಿ ಆರು ವರ್ಷ." ಅವಳು ಅವನನ್ನು ನೋಡಲಿಲ್ಲ. "ಬಾ ಮ್ಯಾಚಿಗೆ, ಬಾ ಮ್ಯಾಚಿಗೆ ಅಂತ ಎಷ್ಟು ಸಲ ಕರ್ದೆ? ಕೆಲಸ ಅಂದೆ. ರೈಲಲ್ಲಿ ಬಂದು, ಊಟ ಮಾಡಿ, ಅದೇ ಸಂಜೆ ರೈಲು ಹತ್ತಿ ಓಡಿದೆ. ನಾನೂ ನಂಬಿದೆ. ಅಂತೂ ನಿನ್ನ ಪಟ್ಟೀಲೇ ಸಾಕ್ಷಿ ಇತ್ತು ಅನ್ನು."

ಮೈಲಿಗಲ್ಲು ಸಭೆಗೆಂದು ತಯಾರು ಮಾಡಿಕೊಂಡು ಬಂದಿದ್ದ ಮಾತಿಗೇ ಹೊರಳಿದ.

"ನಾನು ಬಾಯ್ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗಲ್ಲ, ಅಕ್ಕ. ನಾಲ್ಕು ಮ್ಯಾಚೂ ಇರತ್ತೆ. ನಿನಗೆ... ಮೇಷ್ಟ್ರು..."

"ಮೇಷ್ಟ್ರ ಮಾತು ಯಾಕೆ ಬಂತು ಈಗ?" ಅಕ್ಕ ತಟ್ಟನೆ ಕೇಳಿದಳು. ಕಿವಿ ಕೆಂಪಾಗಿತ್ತು. ಮತ್ತೆ ಕಡ್ಡಿ ಕೈಗೆತ್ತಿಕೊಂಡು ತಾನಾಗಿಯೇ, "ಅವರ ಮನೆ ಎಲ್ಲಿ ಅಂತಾನೂ ನನಗೆ ಗೊತ್ತಿಲ್ಲ. ಫೋನ್ ನಂಬರೂ ಇಲ್ಲ. ಯಾಕೆ ಬೇಕಿತ್ತು? ವೇಳಾಪಟ್ಟಿ ಬಂದ್ರೆ ಅವರು ಬಂದ ಹಾಗೇ," ಎಂದಳು.

"ಹಾಗಾದ್ರೆ ಏನ್ ಮಾಡ್ಲಿ?"

"ನನ್ನ ಹೆಸರು ಹೇಳ್ಕೊಂಡು ಸುಳ್ಳು ಲೆಕ್ಕ ಇಟ್ಕೋಬೇಡ, ಅಷ್ಟೇ. ನನಗೋಸ್ಕರ ಏನಾದ್ರೂ ಮಾಡೋದಿದ್ರೆ, ಬರೋ ತಿಂಗಳು ಗಿರಣಿಯವರ ಕೊನೇ ಮ್ಯಾಚಿದೆ. ಬಾ."

ಬುಧವಾರದ ಸಭೆಯಲ್ಲಿ ಅವನು ಮೊದಲು ಹಳೆಯ ಮೊತ್ತವನ್ನು, ಆಮೇಲೆ ತಿದ್ದಿದ ಮೊತ್ತವನ್ನು ಓದಿದ.

"ಐದು ಸಾವಿರದಲ್ಲಿ ಬರೀ ನಾಲ್ಕು ಕಿಲೋಮೀಟರಾ?" ಕಾರ್ಯದರ್ಶಿಗಳು ಹಣೆ ಒತ್ತಿಕೊಂಡರು. "ಇಷ್ಟಕ್ಕೆಲ್ಲ ಯಾಕೆ ರಂಪ? ಬಿಟ್ಟುಬಿಡೋಣ ಅಲ್ವಾ?"

ಹೊರಡಲು ಮನಸ್ಸು ಗಟ್ಟಿ ಮಾಡಿಕೊಂಡು ಸೊರಗಿ ಕೂತಿದ್ದ ಸುಣ್ಣದೂರಿನ ಮಾಲೀಕರು ಚಿಗುರಿಕೊಂಡು ಎದ್ದರು. "ಅದ್ಹೇಗೆ ಬಿಡೋದು ಸ್ವಾಮಿ? ದೂರ ಯಾರ ನೆಂಟನೂ ಅಲ್ಲ ಅಂದೋರು ನೀವೇ ತಾನೇ!"

ಕೊಕ್ಕರೆ ತಂಡದ ಮ್ಯಾನೇಜರು ಮೈಲಿಗಲ್ಲನ್ನು ಸುಟ್ಟುಬಿಡುವಂತೆ ನೋಡಿದರು. "ನೀನು ನಮ್ಮೂರವನೇ ಅಲ್ವೇನಯ್ಯಾ?"

"ಹೌದು ಸಾರ್. ಅದಕ್ಕೇ ತಪ್ಪಾಗಿದ್ದು."

ಕೊಕ್ಕರೆ ಪೂರ್ವಕ್ಕೆ ಹೋಯಿತು. ಬಂದರಿನ ಎರಡು ತಂಡಗಳ ಜೊತೆ ಹೊಸ ಡಿವಿಷನ್ನು. ಊರಿನ ಪತ್ರಿಕೆ ಎರಡು ವಾರ ಶಾಪ ಹಾಕಿತು. ಅಕ್ಕ ಫೋನು ಮಾಡುವುದನ್ನೇ ಕಡಿಮೆ ಮಾಡಿದಳು, ಮಾಡಿದಾಗಲೂ ಹವೆಯ ಬಗ್ಗೆ ಮಾತಾಡಿ ಇಟ್ಟಳು. ಅವಳು ಹವೆಯ ಬಗ್ಗೆ ಮಾತಾಡಿದ್ದನ್ನು ಅವನು ಅದುವರೆಗೆ ಕೇಳಿಯೇ ಇರಲಿಲ್ಲ.

ಕೊನೆಯ ಮ್ಯಾಚು ಶನಿವಾರ ಮಧ್ಯಾಹ್ನ. ಅವನು ಹೋದಾಗ ಮೂಲೆಯ ಸಾಲಿನಲ್ಲಿ ಅಕ್ಕ, ಅವಳ ಪಕ್ಕ ಮೇಷ್ಟ್ರು, ನಡುವೆ ಕಡಲೆಕಾಯಿಯ ಒಂದೇ ಪೊಟ್ಟಣ. ಮೇಷ್ಟ್ರು ತೆಳ್ಳಗಿನ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಬಾಯಿ ಮಾತ್ರ ಇಸ್ತ್ರಿ ಕಾಣದ್ದು.

"ಕನ್ನಡಕದಮ್ಮ, ನಿಮ್ಮ ನಂಬರ್ ಒಂಬತ್ತಕ್ಕೆ ಬುಟ್ಟಿ ಕಾಣಿಸ್ತಿಲ್ಲ. ಅಂಗಡಿಗೆ ಕರ್ಕೊಂಡ್ಹೋಗಿ."

"ನಿಮ್ಮೋರಿಗೆ ಬುಟ್ಟಿ ಕಾಣಿಸತ್ತೆ ಮೇಷ್ಟ್ರೇ, ಚೆಂಡೇ ಸಿಗಲ್ಲ."

"ಇನ್ನು ವರ್ಷಕ್ಕೊಂದೇ ಸಲ ಬರೋದಂತೆ ನಾವು. ನಾಲ್ಕು ಕಿಲೋಮೀಟರಿನ ತಕರಾರಂತೆ. ಯಾವ ಪುಣ್ಯಾತ್ಮ ಅಳೆದನೋ."

"ಇವನೇ," ಎಂದಳು ಅಕ್ಕ. "ನನ್ನ ತಮ್ಮ."

ಮೇಷ್ಟ್ರು ಬಗ್ಗಿ ಅವನನ್ನು ನೋಡಿದರು. ಮೈಲಿಗಲ್ಲು ಬೈಗುಳಕ್ಕೆ ತಲೆಯೊಡ್ಡಿ ಕೂತ. "ಲೆಕ್ಕ ಸರಿಯಾಗಿದೆಯೇನ್ರೀ?" ಎಂದು ಮೇಷ್ಟ್ರು ಕೇಳಿದರು.

"ಸರಿಯಾಗಿದೆ ಸಾರ್. ಮೂರು ಸಲ ನೋಡಿದೆ."

"ಹಾಗಾದ್ರೆ ಏನೂ ಮಾಡೋ ಹಾಗಿಲ್ಲ," ಎಂದು ಮೇಷ್ಟ್ರು ಕಡಲೆಕಾಯಿಯ ಪೊಟ್ಟಣಕ್ಕೆ ಕೈ ಹಾಕಿದರು. ರೆಫರಿ ಕಣ್ಣೆದುರೇ ತಪ್ಪು ಮಾಡಿದರೂ ಅಕ್ಕ ಏಳಲಿಲ್ಲ. ಯಾರು ಗೆದ್ದರೆಂದು ಮೈಲಿಗಲ್ಲು ನೋಡಲೇ ಇಲ್ಲ. ಅವನು ನೋಡುತ್ತಿದ್ದದ್ದು ಗಡಿಯಾರವನ್ನು. ಕೊನೆಯ ಸೀಟಿ ಕೂಗಿತು. ಮೇಷ್ಟ್ರು ಎದ್ದು ಚೀಲ ಹೆಗಲಿಗೇರಿಸಿದರು.

"ಬರ್ತೀನಿ ಕನ್ನಡಕದಮ್ಮ."

"ಹೂಂ. ಜೋಪಾನ."

ಅಷ್ಟೇ. ಹತ್ತೊಂಬತ್ತು ವರ್ಷ ಬಾಯಿಗೆ ಬೀಗ ಕಾಣದವರಿಬ್ಬರು ಅಷ್ಟರಲ್ಲೇ ಮುಗಿಸಿದರು. ಮೇಷ್ಟ್ರು ಮೆಟ್ಟಿಲಿಳಿದು ಗುಂಪಿನಲ್ಲಿ ಸೇರಿಹೋದರು. ಅಕ್ಕ ಖಾಲಿ ಪೊಟ್ಟಣವನ್ನು ನಾಲ್ಕು ಮಡಿಕೆ ಮಾಡಿದಳು, ಎಂಟು ಮಾಡಿದಳು. ಮೈಲಿಗಲ್ಲಿಗೆ ತಡೆಯಲಾಗಲಿಲ್ಲ.

"ನಾನು ಓಡಿಹೋಗಿ ನಂಬರ್ ಕೇಳ್ಕೊಂಡು ಬರ್ಲಾ?"

"ನೀನ್ಯಾಕೆ ಕೇಳ್ತೀಯ?" ಎಂದವಳೇ ಎದ್ದಳು. ಸೊಂಟ ಬಿದ್ದೋಗತ್ತೆ ಎನ್ನುತ್ತಿದ್ದವಳು ಎರಡೆರಡು ಮೆಟ್ಟಿಲು ಇಳಿಯತೊಡಗಿದಳು. ಅವನು ಹಿಂದೆ ಓಡಬೇಕಾಯಿತು.

ಹೊರಗೆ ಗಿರಣಿ ಊರಿನ ಬಸ್ಸುಗಳು ಸಾಲಾಗಿ ನಿಂತಿದ್ದವು, ಒಟ್ಟು ಏಳು, ಎಲ್ಲದರ ಎಂಜಿನ್ನೂ ಚಾಲೂ. ಯಾವುದರಲ್ಲಿ ಮೇಷ್ಟ್ರು? ಅಕ್ಕ ಮೊದಲನೆಯದರ ಕಿಟಕಿ ಬಡಿದಳು. "ಮೇಷ್ಟ್ರಿದಾರಾ?" ಒಳಗಿಂದ ಯಾರೋ, "ಯಾವ ಮೇಷ್ಟ್ರಮ್ಮಾ?" ಎಂದರು. "ಗಣಿತದೋರು!" "ಹೆಸರೇನು?" ಅಕ್ಕ ಬಾಯಿ ತೆರೆದಳು, ಮುಚ್ಚಿದಳು, ಎರಡನೆಯ ಬಸ್ಸಿಗೆ ನಡೆದಳು. ಮೂರನೆಯದು ಆಗಲೇ ಹೊರಳಿಕೊಂಡು ಗೇಟಿನತ್ತ ಸಾಗುತ್ತಿತ್ತು. ಅವಳು ಅದರ ಪಕ್ಕದಲ್ಲೇ ಓಡುತ್ತ ಕೈಚಾಚಿ ತಗಡು ಬಡಿದಳು. ಮೈಲಿಗಲ್ಲು ಗೇಟಿನ ನಟ್ಟನಡುವೆ ಹೋಗಿ ಕೈಗಳನ್ನು ಅಗಲಿಸಿ ನಿಂತುಬಿಟ್ಟ. ಏಳು ಬಸ್ಸುಗಳು ಒಟ್ಟಿಗೆ ಹಾರ್ನು ಹೊಡೆದವು. ಡ್ರೈವರು ತಲೆ ಹೊರಹಾಕಿ ಬೈದ. ಮೈಲಿಗಲ್ಲು ಕದಲಲಿಲ್ಲ.

ಐದನೆಯ ಬಸ್ಸಿನ ಹಿಂದಿನ ಕಿಟಕಿಯೊಂದು ಸರಿಯಿತು. "ಕನ್ನಡಕದಮ್ಮ?"