ನೀಲಿ ನೂಲಿನ ಬೀಡಿ

ನಾನು ಚಿಕ್ಕವಳಿದ್ದಾಗ ನನ್ನ ಬಾಯಿಗೆ ಬೀಗ ಇರಲಿಲ್ಲ. ಈಗಲೂ ಇಲ್ಲ ಎಂದು ಅಕ್ಕನ ಮೊಮ್ಮಕ್ಕಳಿಬ್ಬರೂ ನನ್ನ ಬೆನ್ನ ಹಿಂದೆ ನಗುವುದು ನನಗೆ ಗೊತ್ತು. ಅವರು ನನ್ನನ್ನು ಚಿಕ್ಕಜ್ಜಿ ಎಂದು ಕರೆಯುತ್ತಾರೆ. ಹುಡುಕಿದರೂ ಹತ್ತು ನರೆಗೂದಲು ಸಿಗದ ನನಗೆ ಅಜ್ಜಿಯ ಪಟ್ಟ ಸ್ವಲ್ಪ ಬೇಗವೇ ಬಂತು. ಪಟ್ಟ ಬಂದ ಮೇಲೆ ಕತೆ ಹೇಳದೆ ಇರಲಾಗುತ್ತದೆಯೇ? ಹೇಳುತ್ತೇನೆ. ಆದರೆ ಓದುವ ಮಕ್ಕಳೇ, ಇದು ಸಿಹಿಯಾದ ಕತೆಯಲ್ಲ. ನಡುವೆ ಅಳು ಬಂದರೆ ನನ್ನನ್ನು ಬೈಯಬೇಡಿ.

ತೊಂಬತ್ತರ ದಶಕ ಆಗಷ್ಟೇ ಸುರುವಾಗಿತ್ತು. ಶಿರ್ತಾಡಿ ಪೇಟೆಯಿಂದ ಅರ್ಧ ಗಂಟೆ ನಡೆದರೆ ನಮ್ಮ ಮನೆ. ಮನೆಯಲ್ಲಿ ಮೂರೇ ಜನ: ಅಪ್ಪ, ಅಕ್ಕ, ನಾನು. ಅಮ್ಮ ನನ್ನನ್ನು ಹೆತ್ತ ವರ್ಷವೇ ತೀರಿಕೊಂಡಿದ್ದಳು. ಆಗ ಏಳು ವರ್ಷದವಳಾಗಿದ್ದ ಅಕ್ಕನೇ ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದಳು. ಅಪ್ಪ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಎತ್ತಿ ಎತ್ತಿ ಬೆನ್ನು ಕೆಡಿಸಿಕೊಂಡು ಮನೆಯಲ್ಲೇ ಇದ್ದರು. ಹಾಗಾಗಿ ನಮ್ಮ ಒಲೆ ಉರಿಯುತ್ತಿದ್ದುದು ಅಕ್ಕ ಕಟ್ಟುವ ಬೀಡಿಯಿಂದ.

ಬೆಳಿಗ್ಗೆ ನಾನು ಏಳುವಾಗಲೇ ಅಕ್ಕ ಜಗಲಿಯಲ್ಲಿ ಕಾಲು ನೀಡಿ, ತೊಡೆಯ ಮೇಲೆ ಮೊರದಂಥ ಗೆರಸೆ ಇಟ್ಟು ಕುಳಿತಿರುತ್ತಿದ್ದಳು. ನೆನೆಸಿದ ಎಲೆಯ ವಾಸನೆ, ಹೊಗೆಸೊಪ್ಪಿನ ಹುಡಿಯ ಘಾಟು, ಕತ್ತರಿಯ ಕಚಕಚ, ನಮ್ಮ ಮನೆಯ ಸುಪ್ರಭಾತ ಅದೇ. ಕತ್ತರಿಸಿದ ಎಲೆಗೆ ಚಿಟಿಕೆ ಹುಡಿ ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವುದಕ್ಕೆ ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಸಾಕು. ಅವಳು ಕಲಸಿ ಕೊಟ್ಟ ಅನ್ನಕ್ಕೂ ಹೊಗೆಸೊಪ್ಪಿನ ಕಹಿ ಇರುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು ಪ್ರಶ್ನೆಗಳ ಮಳೆ ಸುರಿಸುತ್ತಿದ್ದೆ. ಒಣಗಿದ ಎಲೆ ಮುರಿಯುತ್ತದೆ, ಒದ್ದೆ ಎಲೆ ಯಾಕೆ ಮುರಿಯುವುದಿಲ್ಲ? ಕೋಳಿ ನೀರು ಕುಡಿದು ಯಾಕೆ ಆಕಾಶ ನೋಡುತ್ತದೆ? ಗೊತ್ತಿದ್ದರೆ ಅಕ್ಕ ಹೇಳುತ್ತಿದ್ದಳು. ಗೊತ್ತಿಲ್ಲದಿದ್ದರೆ, "ನನಗೆ ಗೊತ್ತಿಲ್ಲ ಮಾರಾಯ್ತಿ. ಗೊತ್ತಿರುವವರ ಹತ್ರ ಕೇಳು" ಎನ್ನುತ್ತಿದ್ದಳು. ಪಾಠದಲ್ಲಿ ಇಲ್ಲದ್ದನ್ನು ಕೇಳಿದ್ದಕ್ಕೆ ಮಾಸ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ದಿನ ಅಕ್ಕ ಒಂದು ತುಂಡು ಬೆಲ್ಲ ಕೊಟ್ಟು, "ಒಳ್ಳೇದಾಯ್ತು, ಮೇಲಿಂದ ಎಲ್ಲ ಸರಿಯಾಗಿ ಕಂಡಿರ್ಬೇಕು" ಎಂದು ನಕ್ಕಿದ್ದಳು.

ಅಕ್ಕನೂ ಏಳನೆಯ ತರಗತಿಯವರೆಗೆ ಓದಿದವಳು, ಅದೂ ಮೊದಲ ನಂಬರಿನಲ್ಲಿ. ಅಲ್ಲಿಗೆ ಅವಳ ಶಾಲೆ ಮುಗಿದು ಗೆರಸೆ ಬಂತು. ಆ ವರ್ಷ ನಾನೂ ಏಳನೆಯದು ಪಾಸಾದೆ. ಜೂನಿನಲ್ಲಿ ಬಸ್ಸು ಹತ್ತಿ ಮೂಡುಬಿದಿರೆಯ ಹೈಸ್ಕೂಲಿಗೆ ಹೋಗಬೇಕು. ಅಪ್ಪನಿಗೆ ಮನಸ್ಸಿರಲಿಲ್ಲ. ಇನ್ನೊಂದು ಗೆರಸೆ ತಂದರೆ ಮನೆಗೆ ಆಧಾರ ಎಂದು ಅವರ ಯೋಚನೆ. ಅಕ್ಕ ಒಂದೇ ಮಾತು ಹೇಳಿದಳು: "ಅವಳು ಓದ್ಲಿ ಅಪ್ಪ. ಅವಳ ಪಾಲಿದ್ದೂ ನಾನೇ ಕಟ್ಟುತ್ತೇನೆ." ಅಪ್ಪ ಒಪ್ಪಿದರು. ಅಕ್ಕ ನನ್ನ ಹಳೆಯ ನೀಲಿ ಲಂಗವನ್ನು, ಅಂಚು ಬಿಚ್ಚಿ ಹೈಸ್ಕೂಲಿಗೆಂದು ಉದ್ದ ಮಾಡಿಕೊಡಲು, ಮಡಚಿ ಇಟ್ಟಳು. ನಾನು ಆ ಲಂಗವನ್ನು ದಿನಕ್ಕೆ ನಾಲ್ಕು ಸಲ ಮುಟ್ಟಿ ನೋಡುತ್ತಿದ್ದೆ.

ಎಡವಟ್ಟಾದದ್ದು ಆ ಲಂಗದಿಂದಲೇ. ಎಲೆ, ಹುಡಿ, ನೂಲು ಎಲ್ಲ ಬೀಡಿ ಕಂಪೆನಿಯ ಬ್ರಾಂಚಿನವರೇ ಕೊಡುವುದು. ಅವರ ನೂಲು ಹಳದಿ. ಒಂದು ಮಧ್ಯಾಹ್ನ ಅಕ್ಕ ಬಾವಿಗೆ ಹೋಗಿದ್ದಾಗ ನಾನು ಸಹಾಯ ಮಾಡುತ್ತೇನೆಂದು ಕುಳಿತೆ. ಐದು ಬೀಡಿ ಬಾಕಿ ಇರುವಾಗ ನೂಲು ಮುಗಿಯಿತು. ಲಂಗದ ಅಂಚಿನಿಂದ ನೀಲಿ ನೂಲು ಎಳೆದು ಐದನ್ನೂ ಕಟ್ಟಿ, ಒಂದು ಕಟ್ಟಿನ ನಡುವೆ ತುರುಕಿದೆ. ಬ್ರಾಂಚಿನಲ್ಲಿ ಬೀಡಿ ಪರೀಕ್ಷೆ ಮಾಡುವ ಚೆಕ್ಕರ್ ಅದನ್ನು ಕಂಡುಹಿಡಿದು ಇಡೀ ಕಟ್ಟನ್ನೇ ತೆಗೆದು ಮೇಜಿನ ಕೆಳಗಿನ ಗೋಣಿಗೆ ಎಸೆದರು. ತೆಗೆದ ಬೀಡಿಗೆ ಮಜೂರಿ ಇಲ್ಲ, ಅದು ಹೊಸಕಿ ಬಿಸಾಡಲಿಕ್ಕೆ ಎಂದು ಎಲ್ಲರೂ ಹೇಳುವುದು. ಅಕ್ಕ ನನ್ನ ತೊಡೆಗೆ ಚಿವುಟಿದಳು. ತಪ್ಪು ನನ್ನದೇ, ನಾನು ಸಹಿಸಿಕೊಂಡೆ.

ಎರಡು ದಿನ ಕಳೆದು ಅಪ್ಪ ಜಗಲಿಯಲ್ಲಿ ಕುಳಿತು ಕಿಸೆಯಿಂದ ಬೀಡಿ ತೆಗೆದರು. ಅವರು ಸೇದುತ್ತಿದ್ದುದು ಪೇಟೆಯ ಗೂಡಂಗಡಿಯಲ್ಲಿ ಸಿಗುವ, ಲೇಬಲ್ ಇಲ್ಲದ ಬಿಡಿ ಬೀಡಿ. ಅವರ ಅಂಗೈಯಲ್ಲಿದ್ದ ಮೂರರಲ್ಲಿ ಒಂದಕ್ಕೆ ನೀಲಿ ನೂಲು! ನಾನು ಕಟ್ಟಿದ ಗಂಟು ನನಗೆ ಗೊತ್ತಾಗದೆ ಇರುತ್ತದೆಯೇ? ಅಪ್ಪ ಅವನ್ನು ಜಗಲಿಯ ಮೇಲಿಟ್ಟು ಕೆಮ್ಮುತ್ತ ಒಳಗೆ ಹೋದಾಗ ಆ ಒಂದನ್ನು ಎತ್ತಿ ನನ್ನ ಕಂಪಾಸ್ ಡಬ್ಬಿಗೆ ಹಾಕಿದೆ. ಹೊಸಕಿ ಬಿಸಾಡಬೇಕಾದ ಬೀಡಿ ಅಂಗಡಿಗೆ ಹೇಗೆ ಬಂತು? ಆ ರಾತ್ರಿ ಊಟದಲ್ಲಿ ಮನಸ್ಸೇ ಇರಲಿಲ್ಲ. ಅಕ್ಕನಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿರಲಿಕ್ಕಿಲ್ಲ, ಗೊತ್ತಿರುವವರಿಂದಲೇ ಉತ್ತರ ತಂದು ಅವಳಿಗೆ ಕೊಡಬೇಕು ಎಂದು ನನ್ನ ಹಟ.

ಮರುದಿನ ಬ್ರಾಂಚಿಗೆ ಹೋಗುವ ದಿನ. ಮೇ ತಿಂಗಳ ಬಿಸಿಲು, ಡಾಮರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಅಕ್ಕನ ತಲೆಯ ಮೇಲೆ ಮೂರು ದಿನದ ಬೀಡಿಯ ಬುಟ್ಟಿ, ನನ್ನ ಕೈಯಲ್ಲಿ ಕಂಪಾಸ್ ಡಬ್ಬಿ. "ಅದು ಯಾಕೆ ನಿನಗೆ ಇವತ್ತು?" ಎಂದು ಅಕ್ಕ ಕೇಳಿದಳು. ನಾನು ನಕ್ಕೆ. ಬ್ರಾಂಚ್ ಎಂದರೆ ಹಂಚಿನ ಮಾಡಿನ ಒಂದು ಉದ್ದ ಕೋಣೆ. ಒಳಗೆ ಇಪ್ಪತ್ತು ಮೂವತ್ತು ಹೆಂಗಸರು ಬುಟ್ಟಿ ಮುಂದಿಟ್ಟು ಸಾಲಾಗಿ ಕುಳಿತಿದ್ದರು. ನಮ್ಮ ನೆರೆಮನೆಯ ಬ್ಯಾರಿ ಹೆಂಗಸು, ಊರಿಗೆಲ್ಲ ಉಮ್ಮ, ನನ್ನನ್ನು ಕಂಡ ಕೂಡಲೇ ಸೆರಗಿನ ಗಂಟಿನಿಂದ ಪೆಪ್ಪರಮಿಂಟು ತೆಗೆದುಕೊಟ್ಟರು. ಚೆಕ್ಕರ್ ಮೇಜಿನ ಹಿಂದೆ ಬಿಳಿ ಅಂಗಿ ಹಾಕಿ ಕುಳಿತಿದ್ದರು. ಅವರ ಕೈಯ ಉಗುರು ಬಹಳ ಚೊಕ್ಕ. ಅಲ್ಲಿ ಹೊಗೆಸೊಪ್ಪಿನ ಕಲೆ ಇಲ್ಲದ ಬೆರಳು ಅವರದ್ದು ಮಾತ್ರ.

ನಮ್ಮ ಸರದಿ ಬಂತು. ಅವರು ಎಂದಿನಂತೆ ನಾಲ್ಕು ಕಟ್ಟು ಗೋಣಿಗೆ ಎಸೆದರು. ನಾನು ಡಬ್ಬಿ ತೆರೆದು ಬೀಡಿಯನ್ನು ಮೇಜಿನ ಮೇಲಿಟ್ಟೆ.

"ಸಾರ್, ಮೊನ್ನೆ ನೀವು ಬೇಡ ಅಂತ ತೆಗೆದದ್ದು ಇದು. ನೀಲಿ ನೂಲು ನಾನೇ ಕಟ್ಟಿದ್ದು. ಗೂಡಂಗಡಿಗೆ ಹೇಗೆ ಬಂತು ಸಾರ್?"

ಸಾಲಿನಲ್ಲಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಬುಟ್ಟಿ ನೋಡತೊಡಗಿದರು. ನಾನು ಶಾಲೆಯಲ್ಲಿ ಸರಿಯುತ್ತರ ಹೇಳಿದವರ ಹಾಗೆ ಎದೆ ಸೆಟೆಸಿ ನಿಂತಿದ್ದೆ. ಥೂ, ಎಂಥ ಮಂಕು ನಾನು!

ಚೆಕ್ಕರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಅವರು ನಕ್ಕರು. ಆ ಬೀಡಿಯನ್ನು ಎತ್ತಿ, ತಿರುಗಿಸಿ ನೋಡಿ, ಬಾಯಿಗಿಟ್ಟು ಕಡ್ಡಿ ಗೀರಿದರು. ನನ್ನ ಕಣ್ಣೆದುರೇ ನೀಲಿ ನೂಲು ಸುಟ್ಟು ಕಪ್ಪಾಯಿತು. "ಯಾವ ಬೀಡಿ?" ಎಂದು ಕೇಳಿದರು. ಆಮೇಲೆ ಅಕ್ಕನ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದು, ಒಂದೊಂದೇ ಕಟ್ಟನ್ನು ತೆಗೆದು ನೆಲಕ್ಕೆ ಹಾಕಿದರು. "ಇದು ಸಡಿಲ. ಇದೂ ಸಡಿಲ. ಇದರ ತುದಿ ಸರಿ ಇಲ್ಲ." ಮೂರು ದಿನದ ಕೆಲಸ ಪೂರ್ತಿ ನನ್ನ ಕಾಲಬುಡದಲ್ಲಿ ಬಿತ್ತು.

"ಬೇಡದ ಬೀಡಿ ಅಂಗಡಿಗೆ ಹೋಗ್ತದೆ ಅಂತ ನಿನಗೆ ಸಂಶಯ ಅಲ್ವಾ? ಒಳ್ಳೇದು. ಹೋಗದ ಹಾಗೆ ನೀನೇ ಹೊಸಕು," ಎಂದರು ಚೆಕ್ಕರ್. "ಒಂದೂ ಉಳೀಬಾರ್ದು."

ನಾನು ಅಕ್ಕನ ಮುಖ ನೋಡಿದೆ. ಅವಳ ತುಟಿ ಬೆಳ್ಳಗಾಗಿತ್ತು. "ಮಾಡು," ಎಂದಳು.

ಕೂತೆ. ಮೊದಲ ಕಟ್ಟು ಬಿಚ್ಚಿ ಅಂಗೈಯಲ್ಲಿಟ್ಟು ಹಿಂಡಿದೆ. ಒಣ ಎಲೆ ಚರಚರ ಮುರಿಯಿತು, ಹುಡಿ ಹಾರಿ ಕಣ್ಣಿಗೆ ಬಿತ್ತು. ಎರಡನೆಯದು. ಮೂರನೆಯದು. ಅಕ್ಕ ಚಿಮಿಣಿ ದೀಪದ ಬೆಳಕಿನಲ್ಲಿ, ಬೆನ್ನು ನೋವೆಂದು ಗೋಡೆಗೆ ಒರಗಿ ಕಟ್ಟಿದ ಬೀಡಿಗಳು. ಹತ್ತು ಕಟ್ಟು ಆಗುವಾಗ ಬೆರಳ ಸಂದಿಯಲ್ಲಿ ಎಲೆಯ ಸೀಳು ತಾಗಿ ರಕ್ತ ಬಂತು. ನಿಲ್ಲಿಸಿದರೆ ಚೆಕ್ಕರ್, "ಇನ್ನೂ ಉಂಟು" ಎಂದು ಕಾಲಿನಿಂದ ತೋರಿಸುತ್ತಿದ್ದರು. "ಮಗು ಅಲ್ವಾ ಸಾರ್, ಬಿಟ್ಟುಬಿಡಿ" ಎಂದು ಯಾರಾದರೂ ಹೇಳುತ್ತಾರೆಂದು ಕಾದೆ. ಯಾರೂ ಹೇಳಲಿಲ್ಲ. ಉಮ್ಮನ ಕಡೆ ನೋಡಿದೆ. ಅವರು ತಮ್ಮ ಬುಟ್ಟಿಯನ್ನು ಮೆಲ್ಲಗೆ ನಮ್ಮಿಂದ ದೂರಕ್ಕೆ ಎಳೆದುಕೊಂಡರು. ಬಾಯಲ್ಲಿ ಅವರು ಕೊಟ್ಟ ಪೆಪ್ಪರಮಿಂಟು ಇನ್ನೂ ಕರಗಿರಲಿಲ್ಲ.

ಎಲ್ಲ ಮುಗಿದ ಮೇಲೆ ಅಕ್ಕ ನನ್ನ ಕುತ್ತಿಗೆ ಹಿಡಿದು ಬಗ್ಗಿಸಿ, "ಕಾಲಿಗೆ ಬೀಳು. ಇನ್ನು ಕೇಳುವುದಿಲ್ಲ ಅಂತ ಹೇಳು" ಎಂದಳು. ಬಿದ್ದೆ. ಹೇಳಿದೆ. ಸಣ್ಣ ದನಿಯಲ್ಲಿ ಹೇಳಿದ್ದಕ್ಕೆ ಇನ್ನೊಮ್ಮೆ ಹೇಳಿಸಿದರು. ಅಷ್ಟಾದರೂ ಚೆಕ್ಕರ್ ಅಕ್ಕನ ಬೀಡಿ ಲೆಕ್ಕದ ಪುಸ್ತಕವನ್ನು ಹಿಂದೆ ಕೊಡಲಿಲ್ಲ. ಆ ಪುಸ್ತಕ ಇಲ್ಲದಿದ್ದರೆ ಎಲೆ ಇಲ್ಲ, ಹುಡಿ ಇಲ್ಲ, ಕೆಲಸವೇ ಇಲ್ಲ. ಅದನ್ನು ಮೇಜಿನ ಡ್ರಾವರಿಗೆ ಹಾಕಿ, "ಇದು ಸ್ವಲ್ಪ ದಿನ ಇಲ್ಲೇ ಇರ್ಲಿ" ಎಂದು ಮುಂದಿನವರನ್ನು ಕರೆದರು.

ದಾರಿಬದಿಯ ತೋಡಿನ ಹತ್ತಿರ ಅಕ್ಕ ನನ್ನನ್ನು ಕೂರಿಸಿ, ಗಾಯದ ಕೈಗಳನ್ನು ನೀರಿನಲ್ಲಿ ಮೆಲ್ಲಗೆ ತೊಳೆದಳು. ಸೆರಗಿನಿಂದ ಒರಸಿದಳು. ಆಮೇಲೆ ಕೆನ್ನೆಗೆ ಹೊಡೆದಳು. ಒಂದಲ್ಲ, ಅವಳಿಗೆ ಸುಸ್ತಾಗುವವರೆಗೆ. ಹೊಡೆತಕ್ಕಿಂತ, "ಕೇಳು" ಎಂದು ಕಲಿಸಿದ ಕೈಯೇ ಹೊಡೆಯಿತಲ್ಲ ಎಂಬುದು ನನ್ನನ್ನು ಸುಟ್ಟಿತು. ಮನೆಯಲ್ಲಿ ಅಪ್ಪ ಚಾಪೆಯಲ್ಲಿ ಮಲಗಿಯೇ ವಿಷಯ ಕೇಳಿದರು. "ನಿನಗೆ ಯಾಕೆ ಬೇಕಿತ್ತು ಅದು?" ಎಂದಷ್ಟೇ ಕೇಳಿದರು. ಸಂಜೆ ಎದ್ದು, ಸೊಂಟ ಹಿಡಿದುಕೊಂಡು, ಅದೇ ಗೂಡಂಗಡಿಗೆ ಹೋಗಿ ಅದೇ ಬೀಡಿ ತಂದರು.

ಪುಸ್ತಕ ಮರಳಿ ಬಂದದ್ದು ಮಳೆ ಹಿಡಿದ ಮೇಲೆ. ಅಷ್ಟರಲ್ಲಿ ನಾವು ಎಷ್ಟೋ ದಿನ ಬರೀ ತೆಳಿಗಂಜಿ ಕುಡಿದೆವು, ಅದಕ್ಕೆ ಹಾಕಲು ಉಪ್ಪೂ ಕಡಿಮೆಯಾಗಿತ್ತು. ಹೈಸ್ಕೂಲು ಸುರುವಾಗಿ ವಾರಗಳು ಕಳೆದಿದ್ದವು. ಅಪ್ಪ ನನ್ನ ಟಿ.ಸಿ.ಯನ್ನು ನಾಲ್ಕಾಗಿ ಮಡಚಿ ಅಕ್ಕಿ ಡಬ್ಬದ ಅಡಿಗಿಟ್ಟು, ಹೊಸ ಗೆರಸೆ ತಂದು ನನ್ನ ಮುಂದಿಟ್ಟರು. ಅಕ್ಕ ಅಪ್ಪನ ಎದುರು ಒಂದು ಮಾತೂ ಆಡಲಿಲ್ಲ. ನೀಲಿ ಲಂಗವನ್ನು ಹರಿದು ಒಲೆಯ ಪಾತ್ರೆ ಇಳಿಸುವ ಬಟ್ಟೆ ಮಾಡಿದಳು. ಬೆಳಿಗ್ಗೆ ಎಂಟರ ಬಸ್ಸು ಹಾರನ್ ಹಾಕುವಾಗ ನಾನು ತಲೆ ತಗ್ಗಿಸಿ ಎಲೆ ಕತ್ತರಿಸುತ್ತಿದ್ದೆ. ಎರಡು ವರ್ಷದಲ್ಲಿ ಅಕ್ಕನಿಗೆ ಮದುವೆಯಾಯಿತು. ನಾನು ಕಟ್ಟುತ್ತಲೇ ಇದ್ದೆ, ಹತ್ತಿರ ಹತ್ತಿರ ಇಪ್ಪತ್ತು ವರ್ಷ.

ಈಗ ಅಕ್ಕನ ಮೊಮ್ಮಕ್ಕಳನ್ನು ನೋಡುತ್ತೇನೆ. ಏನು ಸಂಶಯ ಬಂದರೂ ಫೋನನ್ನು ಬಾಯಿ ಹತ್ತಿರ ಇಟ್ಟು ಕೇಳುತ್ತಾರೆ. ತಿಮಿಂಗಿಲ ನಿದ್ರೆ ಮಾಡುತ್ತದೆಯೇ, ಚಂದ್ರನಲ್ಲಿ ಮಳೆ ಬರುತ್ತದೆಯೇ. ಅದು ಸಿಟ್ಟಾಗುವುದಿಲ್ಲ, ಕಾಲಿಗೆ ಬೀಳು ಎನ್ನುವುದಿಲ್ಲ. ಅವರ ಟೀಚರ್ ಪ್ರಶ್ನೆ ಕೇಳಿದವರಿಗೆ ಚಪ್ಪಾಳೆ ಹೊಡೆಸುತ್ತಾರಂತೆ. ನನಗೆ ಸಂತೋಷವೂ ಆಗುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ, ಸುಳ್ಳು ಯಾಕೆ ಹೇಳಲಿ? ಆ ದಿನ ಕೇಳಿದ್ದು ತಪ್ಪು ಎಂದು ನಾನು ಇವತ್ತಿನವರೆಗೆ ಒಪ್ಪಿಲ್ಲ. ಆದರೆ ಅಕ್ಕನ ಹತ್ತಿರ ಆ ದಿನದ ಬಗ್ಗೆ ಮಾತೆತ್ತುವ ಧೈರ್ಯವೂ ಬಂದಿಲ್ಲ.

ಮೊನ್ನೆ ಭಾನುವಾರ ಈ ಕತೆಯನ್ನು ಆ ಮೊಮ್ಮಕ್ಕಳಿಗೂ ಹೇಳಿದೆ. ಅಕ್ಕ ಬಾಗಿಲ ಬಳಿ ಕುಳಿತು ಹರಿವೆ ಸೊಪ್ಪು ಬಿಡಿಸುತ್ತಿದ್ದಳು, ಕೇಳದವರ ಹಾಗೆ. ಮುಗಿದ ಮೇಲೆ ದೊಡ್ಡ ಮೊಮ್ಮಗಳು ಅವಳ ಕಡೆಗೆ ತಿರುಗಿ ಕೇಳಿಯೇಬಿಟ್ಟಳು.

"ಅಜ್ಜಿ, ಆ ಬೀಡಿ ಅಂಗಡಿಗೆ ಹೋಗೋದು ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು," ಎಂದಳು ಅಕ್ಕ. "ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು."

"ಮತ್ತೆ ನೀವು ಯಾಕೆ ಕೇಳ್ಲಿಲ್ಲ?"

ಅಕ್ಕನ ಕೈ ಸೊಪ್ಪಿನ ಮೇಲೆ ನಿಂತಿತು. ಅವಳು ಮಗುವನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಇವಳು ಹೈಸ್ಕೂಲಿಗೆ ಹೋಗ್ಬೇಕಿತ್ತಲ್ಲ," ಎಂದಳು.