ಪಾರ್ಕಿಂಗಿನಲ್ಲಿ ಚಾಪೆ ಹಾಸಿದ ಆಸ್ಮಾ ಖಾಲ್ತಿ

ಆ ಶುಕ್ರವಾರ ಸಂಜೆ ಜಪಾನಿನ ಸೆಂಡಾಯ್‌ನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಆಸ್ಮಾ ಖಾಲ್ತಿ ಚಾಪೆ ಹಾಸಿ, ದೊಡ್ಡ ಹರಿವಾಣ ಇಟ್ಟು, ಕೆಲಸದಿಂದ ಮರಳುವವರನ್ನೆಲ್ಲ ಅಡ್ಡಗಟ್ಟುತ್ತಿದ್ದರು. ರಂಜಾನ್ ಉಪವಾಸ ಬಿಡುವ ಹೊತ್ತು. ಸುಡಾನಿನಲ್ಲಿ, ಅವರ ಊರಾದ ಒಮ್ದುರ್ಮಾನ್‌ನಲ್ಲಿ, ಆ ಹೊತ್ತಿಗೆ ಗಂಡಸರು ಬೀದಿಯಲ್ಲೇ ಚಾಪೆ ಹಾಸಿ ದಾರಿಹೋಕರಿಗೆ ಉಣ್ಣಿಸದೆ ಬಿಡುವುದಿಲ್ಲವಂತೆ.

"ನನ್ನ ಗಂಡ ಬಶೀರ್ ಬಸ್ಸನ್ನೇ ನಿಲ್ಲಿಸ್ತಾನೆ. ಇಲ್ಲಿ ಅಳಿಯ ಲ್ಯಾಬ್ ಬಿಟ್ಟು ಬರಲ್ಲ. ನಾನೇ ಗಂಡಸಾಗಬೇಕಾಯ್ತು," ಎಂದರು.

ಮೇಲಿನ ಮನೆಯ ತನಾಕಾ ಸಾನ್ ಸುಮಿಮಾಸೆನ್, ಕ್ಷಮಿಸಿ, ಎನ್ನುತ್ತಾ ಬಗ್ಗಿ ಬಗ್ಗಿ ಜಾರಿಕೊಳ್ಳಲು ನೋಡಿದರು. ಖಾಲ್ತಿ ಅವರ ಬ್ಯಾಗನ್ನೇ ಕಿತ್ತು ಚಾಪೆಯ ಮೇಲಿಟ್ಟರು. ಪಾಪ, ಕೂತರು. ಬೇಯಿಸಿ ಮಸೆದು ಎಳ್ಳೆಣ್ಣೆ ಸುರಿದ ಕಾಳನ್ನು ನಾವೆಲ್ಲ ಒಂದೇ ಹರಿವಾಣದಿಂದ ತಿಂದೆವು.

ಖಾಲ್ತಿ ಎಂದರೆ ಅವರಲ್ಲಿ ಚಿಕ್ಕಮ್ಮ. ಪಕ್ಕದ ಮನೆಯ ಹಿಬಾಳ ಬಾಣಂತನಕ್ಕೆ ಬಂದ ತಾಯಿ ನನಗೂ ಖಾಲ್ತಿಯಾದರು; ನಾನು ಅವರಿಗೆ 'ಬಿತ್ತಿ', ಮಗಳು. ಅವರ ಇಂಗ್ಲಿಷ್ ನನ್ನದರಷ್ಟೇ ಹರಕು. ಒಮ್ಮೆ ನಮ್ಮ ಮನೆಯಲ್ಲಿ ರಾಗಿಮುದ್ದೆ ಕಂಡು ಕೂಗಿಕೊಂಡರು: "ಇದು ನಮ್ಮ ಅಸೀದಾ! ನಿಮಗೆ ಯಾರು ಕೊಟ್ಟರು?" ಮರುಕ್ಷಣ ಹುಬ್ಬು ಗಂಟಿಕ್ಕಿ, "ಗಂಡ ಹೆಂಡತಿಗೆ ಬೇರೆ ಬೇರೆ ತಟ್ಟೆ ಯಾಕೆ? ಜಗಳವಾ?"

ಚಾಪೆ ಹಾಸಿದ ಮರುದಿನವೇ ಸುಡಾನಿನಲ್ಲಿ ಯುದ್ಧ ಶುರುವಾಯಿತು. ಹಬ್ಬಕ್ಕೆ ಊರು ಸೇರಬೇಕಿದ್ದ ಖಾಲ್ತಿಗೆ ಇಳಿಯಲು ವಿಮಾನ ನಿಲ್ದಾಣವೇ ಉಳಿಯಲಿಲ್ಲ. ವೀಸಾ ಮುಂದುವರಿಯಿತು, ಅವರ ದಿನಗಳು ಮುಂದುವರಿಯಲಿಲ್ಲ. ಅಡುಗೆಮನೆಯಿಂದ ಬಾಲ್ಕನಿ, ಬಾಲ್ಕನಿಯಿಂದ ಅಡುಗೆಮನೆ. ಕೆಳಗೆ ಯಾರು ಹೋದರೂ ಕರೆಯುತ್ತಿರಲಿಲ್ಲ. ಫೋನಿನಲ್ಲಿ ಮಾತ್ರ ಗಂಟಲು ಹರಿಯುವಂತೆ ಮಾತು.

"ಗೋಡೆ ತೆಳ್ಳಗಿದೆ ಅಮ್ಮಾ, ಮೆಲ್ಲಗೆ," ಎಂದರೆ ಹಿಬಾಳಿಗೇ ಗದರುತ್ತಿದ್ದರು: "ಮೆಲ್ಲಗೆ ಹೇಳಿದ್ರೆ ಒಮ್ದುರ್ಮಾನ್‌ಗೆ ಕೇಳಿಸುತ್ತಾ?"

ಅಲ್ಲಿ ಬೀದಿ ಖಾಲಿಯಾಗಿತ್ತು, ಶೆಲ್ ಬೀಳುತ್ತಿತ್ತು. ಆದರೂ ಬಶೀರ್ ಮನೆ ಬಿಡಲೊಲ್ಲರು. "ನೀನು ಬಂದಾಗ ಬಾಗಿಲು ತೆಗೆಯೋರು ಯಾರು?" ಅವರದು ಅದೊಂದೇ ಮಾತು.

ಒಂದು ಮಧ್ಯಾಹ್ನ ಖಾಲ್ತಿ ನನ್ನನ್ನು ಕರೆದರು. ಟಿವಿ ಹಾಕಿಸಿದರು. "ನಾನು ಬಶೀರ್ ಹತ್ರ ಮಾತಾಡುವಾಗ ನೀನು ಹಿಂದಿನಿಂದ ಜೋರಾಗಿ ನಗಬೇಕು, ಬಿತ್ತೀ."

"ಯಾಕೆ ಖಾಲ್ತಿ?"

"ನಾನಿನ್ನು ಬರಲ್ಲ, ಇಲ್ಲೇ ಹಿಡಿಸಿದೆ ಅಂತ ಹೇಳ್ತೀನಿ. ನಾನು ಬರಲ್ಲ ಅಂದ್ರೆ ಆ ಮನೆಯಲ್ಲಿ ಅವನಿಗೇನು ಕೆಲಸ? ಹೊರಡ್ತಾನೆ."

ನಾನು ನಕ್ಕೆ. ಅರಬ್ಬಿಯಲ್ಲಿ ಅವರು ಏನೇನೋ ಸಡಗರದಿಂದ ಹೇಳುತ್ತಿದ್ದರು. ಹಿಬಾ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಕೊಂಡು ಅಳುತ್ತಿದ್ದಳು. ಮಾತು ಮುಗಿದ ಮೇಲೆ ಖಾಲ್ತಿ ಫೋನನ್ನು ಮಡಿಲಲ್ಲಿ ಕವುಚಿಟ್ಟು, "ಸರಿ ಅಂದ. ಬರೀ ಸರಿ ಅಂದ," ಎಂದರು.

ಬಶೀರ್ ನೆರೆಯವರ ಲಾರಿಯಲ್ಲಿ ಹೊರಟರೆಂದು ಆ ವಾರವೇ ತಿಳಿಯಿತು. ಖಾಲ್ತಿ ಅಂದು ಹೊಟ್ಟೆ ತುಂಬ ಉಂಡರು. ಗಂಡ ಎಲ್ಲಾದರೂ ನೆಲೆಯಾದ ಮೇಲೆ ನಿಜ ಹೇಳುವುದೆಂದು ನಿಶ್ಚಯಿಸಿಕೊಂಡಿದ್ದರು. ಆದರೆ ಲಾರಿ ಹೋದ ದಿಕ್ಕಿನಲ್ಲಿ ನೆಟ್‌ವರ್ಕೇ ಇರಲಿಲ್ಲ. ಊರಿನಿಂದ ಚದುರಿದವರಿಗೆಲ್ಲ ಫೋನ್ ಮಾಡಿ ಕೇಳಿದರು. ಒಬ್ಬರು ಒಂದು ಹಳ್ಳಿಯ ಹೆಸರು ಹೇಳಿದರೆ ಇನ್ನೊಬ್ಬರು ಮತ್ತೊಂದು ಹೇಳಿದರು.

ಎರಡನೆಯ ಚಳಿಗಾಲದಲ್ಲಿ ಖಾಲ್ತಿ ಹೃದಯ ನಿಂತು ತೀರಿಕೊಂಡರು. ಇಲ್ಲಿ ಸತ್ತವರನ್ನು ಸುಡುತ್ತಾರೆ. ಹೂಳುವ ಜಾಗಕ್ಕಾಗಿ ಅಳಿಯ ಬೇರೆ ಪ್ರಾಂತ್ಯದವರೆಗೆ ಹೋಗಬೇಕಾಯಿತು. ನಾನು ಮಗುವನ್ನು ನೋಡಿಕೊಂಡು ಮನೆಯಲ್ಲೇ ಉಳಿದೆ.

ಬಶೀರ್ ಇನ್ನೂ ಸಿಕ್ಕಿಲ್ಲ. ಹೆಂಡತಿ ಹೇಳಿದ್ದು ಸುಳ್ಳೆಂದು ಅವರಿಗೆ ಯಾರೂ ತಿಳಿಸಿಲ್ಲ.